ಓದುಗರ ಪ್ರಶ್ನೆ: ಟೈಮಿಂಗ್ ಬೆಲ್ಟನ್ನು ಮನೆಯಲ್ಲೇ ಬದಲಾಯಿಸಬಹುದೇ?

ಪ್ರಶ್ನೆ: ಎರಡು ವರ್ಷದ ಹಿಂದೆ 2011ರ ಸ್ಯಾಂಟ್ರೊ ಪೆಟ್ರೋಲ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಕೆಲಸಕ್ಕಾಗಿ ದಿನವೂ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುತ್ತೇನೆ. ಹಿಂದಿನ ಮಾಲೀಕರು ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದರೆಂಬುದಕ್ಕೆ ದಾಖಲೆಯಿಲ್ಲ. ಮೇಲಿನ ಮುಚ್ಚಳ ತೆಗೆದು ನೋಡಿದರೆ ಬಿರುಕೇನೂ ಕಾಣಲಿಲ್ಲ. ಆಯಿಲ್, ಬ್ರೇಕ್ ಪ್ಯಾಡ್‌ಗಳನ್ನು ನಾನೇ ಬದಲಾಯಿಸಿಕೊಳ್ಳುತ್ತೇನೆ. ಈ ಕೆಲಸವನ್ನೂ ಮಾಡಬಹುದೇ?
– ಓದುಗರು, ಮಂಡ್ಯ

ಉತ್ತರ: ದಾಖಲೆ ಸಿಗದಿದ್ದರೆ ಬೆಲ್ಟ್ ಬದಲಾಗಿಲ್ಲವೆಂದೇ ತಿಳಿದು ಕೂಡಲೇ ಬದಲಾಯಿಸಿರಿ. ಬಿರುಕಿಲ್ಲ ಎಂಬುದನ್ನು ನಂಬಿ ಕುಳಿತುಕೊಳ್ಳಬೇಡಿ. ಬೆಲ್ಟಿಗೆ ಬಲ ಕೊಡುವುದು ರಬ್ಬರಿನೊಳಗೆ ಹುದುಗಿರುವ ಎಳೆಗಳು. ಅವು ಸವೆದಿರುವುದು ಹೊರಗಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಎಂದಿಟ್ಟುಕೊಂಡರೂ ತಿಂಗಳಿಗೆ 25 ದಿನ ಹೋಗಿಬರುವ ನೀವು, ಉದಾಹರಣೆಗೆ ಗಡುವು 60,000 ಕಿ.ಮೀ. ಆಗಿದ್ದರೆ, ಅದನ್ನು ಎರಡು ಕಾಲು ವರ್ಷದೊಳಗೇ ದಾಟುತ್ತೀರಿ. ಅದಲ್ಲದೆ, ಕಬ್ಬು ಅರೆಯುವ ಕಾಲದಲ್ಲಿ ಗಾಡಿ, ಟ್ರ್ಯಾಕ್ಟರುಗಳ ಹಿಂದೆ ನಿಂತು ಕಾಯುವಾಗ ಕಿಲೋಮೀಟರ್ ಏರದಿದ್ದರೂ ಬೆಲ್ಟ್ ತಿರುಗುತ್ತಲೇ ಇರುತ್ತದೆ. ಎಷ್ಟು ಕಿ.ಮೀ.ಗೆ ಅಥವಾ ಎಷ್ಟು ವರ್ಷಕ್ಕೆ ಬದಲಾಯಿಸಬೇಕೆಂದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಗಡುವು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ವಾಲ್ವ್ (ಸಿಲಿಂಡರಿಗೆ ಗಾಳಿ ಬಿಡುವ ಅಥವಾ ಹೊಗೆ ಹೊರಹಾಕುವ ಕವಾಟ) ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೇರುವಾಗ ವಾಲ್ವ್ ಅದರ ದಾರಿಯಿಂದ ಸರಿದಿರುವಂತೆ ನೋಡಿಕೊಳ್ಳುವುದು ಈ ಬೆಲ್ಟೇ. ಅದು ತುಂಡಾದರೆ ಬಹುತೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿದು ಅದನ್ನು ಬಗ್ಗಿಸಿಬಿಡುತ್ತದೆ. ಆಮೇಲೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ.

ಮನೆಯಲ್ಲಿ ಮಾಡಬಹುದೇ ಎಂದರೆ, ಮಾಡಬಹುದು. ಆದರೆ ನಿಮ್ಮ ಎಂಜಿನ್ನಿನ ದುರಸ್ತಿ ಕೈಪಿಡಿ, ಬೋಲ್ಟನ್ನು ಹೇಳಿದಷ್ಟೇ ಬಿಗಿಯುವ ಟಾರ್ಕ್ ರೆಂಚ್ ಮತ್ತು ಪೂರಾ ಒಂದು ದಿನದ ಬಿಡುವು, ಈ ಮೂರೂ ಇರಬೇಕು. ಎಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಗಟ್ಟಿ ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟು ಕಾರನ್ನು ನಿಲ್ಲಿಸಿರಿ. ಜಾಕಿಯೊಂದನ್ನೇ ಅಥವಾ ಇಟ್ಟಿಗೆಗಳನ್ನು ನಂಬಿ ಕಾರಿನ ಕೆಳಗೆ ಖಂಡಿತ ಹೋಗಬೇಡಿ. ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟ್ ಬಿಚ್ಚಬೇಕಾಗಿ ಬಂದರೆ ಆಯಿಲ್ ಸಂಪಿನ ಕೆಳಗೆ ಮರದ ಹಲಗೆಯಿಟ್ಟು ಜಾಕಿಯಿಂದ ಎಂಜಿನ್ನಿಗೆ ಆಧಾರ ಕೊಡಿರಿ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಪುಲ್ಲಿಯ ಬೋಲ್ಟ್ ಬಹಳ ಬಿಗಿಯಾಗಿರುತ್ತದೆ. ಪಾನವನ್ನು ನೆಲಕ್ಕೆ ಊರಿಸಿ ಸ್ಟಾರ್ಟರ್ ಹೊಡೆಯುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅದರಿಂದ ಕೈ ಮುರಿಯುವ ಅಪಾಯವಿದೆ.

ಹಳೆಯ ಬೆಲ್ಟ್ ತೆಗೆಯುವ ಮೊದಲೇ ಕ್ರ್ಯಾಂಕ್ ಮತ್ತು ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಎರಡರ ಗುರುತುಗಳನ್ನೂ ಕಂಪನಿ ತೋರಿಸಿದ ಜಾಗಕ್ಕೆ ತಂದು ನಿಲ್ಲಿಸಬೇಕು. ಹಳೆಯ ಬೆಲ್ಟಿನ ಮೇಲೆ ಬಣ್ಣ ಹಚ್ಚಿ ಅದನ್ನೇ ಹೊಸದಕ್ಕೆ ನಕಲು ಮಾಡುವವರಿದ್ದಾರೆ. ಹಿಂದೆ ಹಾಕಿದವರೇ ಒಂದು ಹಲ್ಲು ತಪ್ಪಿಸಿದ್ದರೆ ಆ ತಪ್ಪೂ ನಕಲಾಗುತ್ತದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಶನರನ್ನು ಬೆಲ್ಟಿನ ಜೊತೆಗೇ ಬದಲಾಯಿಸಿರಿ. ಕ್ರ್ಯಾಂಕ್ ಅಥವಾ ಕ್ಯಾಮ್ ಸೀಲಿನಿಂದ ಆಯಿಲ್ ಜಿನುಗುತ್ತಿದ್ದರೆ ಆ ಸೀಲನ್ನೂ ಈಗಲೇ ಬದಲಾಯಿಸಿರಿ, ಏಕೆಂದರೆ ಆಯಿಲ್ ತಾಗಿದ ಬೆಲ್ಟ್ ಬಾಳುವುದಿಲ್ಲ.

ಬೆಲ್ಟ್ ಕೂರಿಸಿ ಟೆನ್ಶನರ್ ಬಿಗಿಮಾಡಿದ ಬಳಿಕ ಕೀಲಿ ಮುಟ್ಟಬೇಡಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೇ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಿರಿ. ಪ್ಲಗ್ ಇಲ್ಲದಿದ್ದರೆ ಗಾಳಿಯ ಒತ್ತಡ ಎದುರು ಬರುವುದಿಲ್ಲ. ಹಾಗಾಗಿ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅದು ಪಿಸ್ಟನ್ ವಾಲ್ವಿಗೆ ತಾಗಿದ ಸೂಚನೆಯೆಂದೇ ತಿಳಿದು ಅಲ್ಲಿಗೇ ನಿಲ್ಲಿಸಬೇಕು. ಒಂದು ಸುತ್ತಾದಾಗ ಕ್ಯಾಮಿನ ಗುರುತು ತಲೆಕೆಳಗಾಗಿ ಕಂಡು ಎದೆ ಝಲ್ಲೆನ್ನಬಹುದು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು ಬರುವುದರಿಂದ ಅದು ಸರಿಯೇ. ಎರಡನೆಯ ಸುತ್ತು ಮುಗಿದಾಗ ಎರಡೂ ಗುರುತುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು. ಮೊದಲ ಸಲ ನಾನು ಈ ಕೆಲಸ ಮಾಡಿದಾಗ ಟೆನ್ಶನರ್ ಬಿಗಿಯುವ ಹೊತ್ತಿಗೆ ಕ್ಯಾಮ್ ಒಂದು ಹಲ್ಲು ಜಾರಿತ್ತು. ಬರಿಗಣ್ಣಿಗೆ ಸರಿಯಾಗಿಯೇ ಇದ್ದಂತಿದ್ದ ಅದು ತಿಳಿದದ್ದು ಹೀಗೆ ತಿರುಗಿಸಿ ನೋಡಿದ್ದರಿಂದಲೇ. ಸಂಜೆಯಾಗಿದ್ದರೂ ಎಲ್ಲವನ್ನೂ ಮತ್ತೆ ಬಿಚ್ಚಿ ಹಾಕಿದೆ. ಅಷ್ಟು ತಾಳ್ಮೆ ಆ ದಿನ ನಿಮ್ಮಲ್ಲಿ ಇಲ್ಲವೆನಿಸಿದರೆ ಕೆಲಸವನ್ನು ಮಾರನೆಯ ದಿನಕ್ಕಿಡಿರಿ, ಇಲ್ಲವೇ ನಂಬಿಕೆಯ ಮೆಕ್ಯಾನಿಕ್ಕಿಗೆ ಕೊಡಿರಿ.

ಪ್ರಶ್ನೆ: ನನ್ನ 1.3 ಲೀಟರ್ ಡೀಸೆಲ್ ಸ್ವಿಫ್ಟಿಗೂ ಈ ಬೆಲ್ಟ್ ಬದಲಾಯಿಸಬೇಕೇ? ಹೊರಗೇ ಒಂದು ಬೆಲ್ಟ್ ಕಾಣುತ್ತದೆ.
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಆ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನ್ ಇದೆ. ನೀವು ನೋಡಿದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್. ಚೈನ್ ಆಯಿಲಿನಲ್ಲೇ ಓಡುವುದರಿಂದ ಆಯಿಲ್ ಬದಲಾವಣೆಯನ್ನು ಮುಂದೂಡಬೇಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಚೈನ್ ಇರುವ ಬದಿಯಿಂದ ಗರಗರ ಸದ್ದು ಬರತೊಡಗಿದರೆ ಮಾತ್ರ ಚೈನನ್ನೂ ಅದರ ಟೆನ್ಶನರನ್ನೂ ಪರೀಕ್ಷೆ ಮಾಡಿಸಿರಿ.