ಯಾವ ತರಬೇತಿ, ಯಾವ ಪಾಠಕ್ಕೆ? ವಿಜ್ಞಾನ ಮತ್ತು ಪರಿಸರ ಶಿಕ್ಷಕರ ಪ್ರಶ್ನೆಗಳು

ಪ್ರಶ್ನೆ: ನಾನು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿವಿಜ್ಞಾನ) ಓದಿದ ಪ್ರೌಢಶಾಲಾ ಶಿಕ್ಷಕಿ. ನಮ್ಮಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಹುದ್ದೆ ಖಾಲಿ ಇರುವುದರಿಂದ ಹತ್ತನೇ ತರಗತಿಯ ವಿದ್ಯುತ್ ಪಾಠವೂ ನನ್ನ ಪಾಲಿಗೆ ಬಂದಿದೆ. ಪಿಯುಸಿ ಆದಮೇಲೆ ಭೌತವಿಜ್ಞಾನ ಮುಟ್ಟಿಲ್ಲ. ಓಮ್ ನಿಯಮದ ಪ್ರಯೋಗ ಮಾಡಿದರೆ ವಿಭವಾಂತರ (ವೋಲ್ಟೇಜ್)–ಪ್ರವಾಹದ ಗ್ರಾಫ್ ನೇರ ಬರುವುದೇ ಇಲ್ಲ. ಎಲ್ಲಿ ಕಲಿಯಬಹುದು?
(ಸಿಂಧನೂರು ತಾಲ್ಲೂಕಿನ ಓದುಗರು)

ಉತ್ತರ: ಮೊದಲು ಪ್ರಯೋಗದ ವಿಷಯ. ಅದು ನಾಳೆಯೇ ಬೇಕಾಗಬಹುದು. ಗ್ರಾಫ್ ಬಾಗುವುದಕ್ಕೆ ಮುಖ್ಯ ಕಾರಣ ಟಾರ್ಚ್ ಬಲ್ಬ್. ನೈಕ್ರೋಮ್ ತಂತಿ ಸಿಗದಿದ್ದಾಗ ಹಲವರು ಬಲ್ಬನ್ನೇ ಜೋಡಿಸುತ್ತಾರೆ. ಅದರ ಫಿಲಮೆಂಟ್ ಬಿಸಿಯಾದಂತೆ ರೋಧ ಏರುತ್ತದೆ, ಗೆರೆ ಬಾಗುತ್ತದೆ. ನೈಕ್ರೋಮ್‌ನ ರೋಧ ಬಿಸಿಗೆ ಅಷ್ಟಾಗಿ ಬದಲಾಗದು. ಪಠ್ಯಪುಸ್ತಕ ಅದನ್ನೇ ಹೇಳಿರುವುದು ಇದಕ್ಕಾಗಿಯೇ. 28 ಗೇಜಿನ ತಂತಿ ಅರ್ಧ ಮೀಟರ್ ತೆಗೆದುಕೊಂಡರೆ ರೋಧ ಸುಮಾರು 5 ಓಮ್. ಒಂದು ಸೆಲ್‌ಗೆ 0.3 ಆಂಪಿಯರ್ ಹತ್ತಿರ, ಹೊಸ ಸೆಲ್ ನಾಲ್ಕಾದರೆ 1 ಆಂಪಿಯರ್ ಆಸುಪಾಸು ಪ್ರವಾಹ ಹರಿಯುತ್ತದೆ. ಹಾಗಾಗಿ 0–500 ಮಿಲಿಆಂಪಿಯರ್‌ನ ಅಮ್ಮೀಟರ್ ಇಟ್ಟರೆ ಎರಡನೇ ಸೆಲ್ ಹಾಕುವಷ್ಟರಲ್ಲೇ ಮುಳ್ಳು ತುದಿ ಮುಟ್ಟುತ್ತದೆ. 1.5 ಅಥವಾ 3 ಆಂಪಿಯರ್‌ವರೆಗಿನದು ಬೇಕು. ತಂತಿಯ ಎರಡೂ ತುದಿಯನ್ನು ಮರಳು ಕಾಗದದಿಂದ ಉಜ್ಜಿ ಕ್ರೊಕೊಡೈಲ್ ಕ್ಲಿಪ್ ಹಾಕಿ, ಮೇಲಿನ ಪೊರೆ ಹೋಗದಿದ್ದರೆ ಸಂಪರ್ಕ ಸಡಿಲವಾಗಿ ಅಳತೆ ಕುಣಿಯುತ್ತದೆ. ಅಳತೆ ಬರೆದುಕೊಂಡ ತಕ್ಷಣ ಕೀಲಿ (ಸ್ವಿಚ್) ತೆಗೆಯಿರಿ. ಕೀಲಿ ಹಾಗೇ ಬಿಟ್ಟರೆ ಸೆಲ್ ಬಸವಳಿದು ವಿಭವಾಂತರ ಇಳಿಯುತ್ತಾ ಹೋಗುತ್ತದೆ. ವೋಲ್ಟ್‌ಮೀಟರ್ ತಪ್ಪಿ ಸರಣಿಯಲ್ಲಿ ಸೇರಿದರೆ ಹಾನಿಯಿಲ್ಲ, ಪ್ರವಾಹ ಹೆಚ್ಚುಕಡಿಮೆ ನಿಲ್ಲುತ್ತದೆ ಅಷ್ಟೆ. ಅಮ್ಮೀಟರ್ ಸಮಾಂತರದಲ್ಲಿ ಸೇರಿದರೆ ಅದರ ಸುರುಳಿಯೇ ಸುಟ್ಟೀತು.

ಬಲ್ಬನ್ನು ಎಸೆಯಬೇಡಿ. ನೈಕ್ರೋಮ್ ಗ್ರಾಫ್ ಬಂದಮೇಲೆ ಬಲ್ಬಿನದನ್ನೂ ಬರೆಸಿ, ಎರಡೂ ಏಕೆ ಬೇರೆ ಎಂದು ಕೇಳಿ. ಇನ್ನೊಂದು ಪರೀಕ್ಷೆ: ಬಲ್ಬಿನ ಮೊದಲೂ ನಂತರವೂ ಒಂದೊಂದು ಅಮ್ಮೀಟರ್ ಇಟ್ಟು, ಕೀಲಿ ಒತ್ತುವ ಮೊದಲೇ ಯಾವುದು ಹೆಚ್ಚು ತೋರಿಸುತ್ತದೆ ಎಂದು ಮಕ್ಕಳಿಂದ ಬರೆಸಿ. ಎರಡೂ ಒಂದೇ ಅಳತೆ ತೋರಿಸುತ್ತವೆ, ಆದರೆ ಬಲ್ಬು ಪ್ರವಾಹವನ್ನು 'ಖರ್ಚು' ಮಾಡುತ್ತದೆ ಎಂದು ನಂಬಿದವರೇ ತರಗತಿಯಲ್ಲಿ ಹೆಚ್ಚಿರುತ್ತಾರೆ.

ಇನ್ನು ತರಬೇತಿ. ಚಳ್ಳಕೆರೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರವಿದೆ. ಪ್ರೌಢಶಾಲೆ ಮತ್ತು ಪಿಯು ವಿಜ್ಞಾನ ಬೋಧಕರಿಗೆ ಅಲ್ಲಿ ವಸತಿಸಹಿತ ತರಬೇತಿ ನಡೆಯುತ್ತದೆ. ಪ್ರಯೋಗ ಕೈಯಾರೆ ಮಾಡಿಸುವುದರಿಂದ ನಿಮ್ಮಂಥವರಿಗೆ ನಾವು ಮೊದಲು ಸೂಚಿಸುವುದು ಅದನ್ನೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ (ಆರ್‌ಐಇ) ದಕ್ಷಿಣದ ರಾಜ್ಯಗಳಿಗೆಲ್ಲ ತರಬೇತಿ ಕೊಡುತ್ತದೆ, ಆದರೆ ಅಲ್ಲಿಗೆ ಹೆಸರು ಹೋಗುವುದು ಇಲಾಖೆಯ ಮೂಲಕ. ಆದ್ದರಿಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ವಿಜ್ಞಾನ ಉಪನ್ಯಾಸಕರಿಗೆ 'ವಿದ್ಯುತ್ ಮತ್ತು ಬೆಳಕು ಘಟಕಗಳಲ್ಲಿ ನನಗೆ ತರಬೇತಿ ಬೇಕು' ಎಂದು ಲಿಖಿತ ಮನವಿ ಕೊಟ್ಟಿಡಿ. 'ವಿಜ್ಞಾನ ತರಬೇತಿ ಬೇಕು' ಎಂದಷ್ಟೇ ಬರೆದ ಮನವಿಯಿಂದ ಅವರು ಮಾಡ್ಯೂಲ್ ರೂಪಿಸಲಾರರು. ಅಲ್ಲಿಯವರೆಗೆ ಶಿಕ್ಷಕರಿಗಾಗಿಯೇ ಇರುವ ಟೆಸ್-ಇಂಡಿಯಾದ ಕನ್ನಡ ಘಟಕಗಳನ್ನೂ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ (ಕೋಯರ್) ತಾಣವನ್ನೂ ನೋಡಿ. ಎರಡೂ ಉಚಿತ.

ಪ್ರಶ್ನೆ: ದೀಕ್ಷಾ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಶಿಕ್ಷಕರ ನಿಷ್ಠಾ ತರಬೇತಿ ಕೋರ್ಸ್ ಮುಗಿಸಿದೆ, ಪ್ರಮಾಣಪತ್ರ ಬಂದಿಲ್ಲ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ದಿನವೂ ಕೇಳುತ್ತಿದ್ದಾರೆ.
(ಹಾವೇರಿ)

ಉತ್ತರ: ಮೊದಲು ಪ್ರಗತಿ ಪೂರ್ತಿ 100 ತೋರಿಸುತ್ತಿದೆಯೇ ನೋಡಿ. ವೀಡಿಯೊವನ್ನು ಕೊನೆಯವರೆಗೆ ಓಡಿಸದೆ ಮುಂದೆ ಹೋದರೆ, ಪಿಡಿಎಫ್‌ನ ಕೊನೆಯ ಪುಟ ತಿರುವದಿದ್ದರೆ ಆ ಭಾಗ ಅಪೂರ್ಣವಾಗಿಯೇ ಉಳಿಯುತ್ತದೆ. ನೆಟ್‌ವರ್ಕ್ ಇಲ್ಲದಾಗ ಡೌನ್‌ಲೋಡ್ ಮಾಡಿಕೊಂಡು ಕಲಿತಿದ್ದರೆ ನಿಮ್ಮ ಪ್ರಗತಿ ಫೋನಿನಲ್ಲೇ ಕುಳಿತಿರುತ್ತದೆ. ನೆಟ್ ಸಿಕ್ಕಾಗ ಕೋರ್ಸ್ ಪುಟದ ಮೆನುವಿನಲ್ಲಿ 'ಪ್ರಗತಿ ಸಿಂಕ್' ಆಯ್ಕೆ ಒತ್ತಿ. ನಿಷ್ಠಾದಲ್ಲಿ ಕೊನೆಯ ಮೌಲ್ಯಮಾಪನಕ್ಕೆ ಶೇ. 70 ಅಂಕ ಬೇಕು, ಪ್ರಯತ್ನಗಳು ಮೂರೇ. ಸುಮ್ಮನೆ ಒತ್ತಿ ನೋಡೋಣ ಎಂದು ಮೊದಲ ಎರಡನ್ನು ಕಳೆದುಕೊಂಡವರು ಬಹಳ ಮಂದಿ.

ಇವೆಲ್ಲ ಸರಿಯಿದ್ದರೆ ಎರಡು ಖಾತೆ ಇವೆಯೇ ಪರಿಶೀಲಿಸಿ. ಒಮ್ಮೆ ಮೊಬೈಲ್ ಸಂಖ್ಯೆಯಿಂದ, ಇನ್ನೊಮ್ಮೆ ಇಮೇಲ್‌ನಿಂದ ಒಳಹೋದರೆ ಅರ್ಧ ಪ್ರಗತಿ ಅಲ್ಲಿ, ಅರ್ಧ ಇಲ್ಲಿ. ಖಾತೆ ವಿಲೀನಗೊಳಿಸುವ ಆಯ್ಕೆ ಆ್ಯಪ್‌ನಲ್ಲೇ ಇದೆ. ಹೆಸರನ್ನು ಸೇವಾ ಪುಸ್ತಕದಲ್ಲಿರುವಂತೆಯೇ ಪ್ರೊಫೈಲ್‌ನಲ್ಲಿ ಮೊದಲೇ ತಿದ್ದಿಕೊಳ್ಳಿ, ಪ್ರಮಾಣಪತ್ರಕ್ಕೆ ಅದೇ ಹೆಸರು ಹೋಗುತ್ತದೆ. ಬ್ಯಾಚಿನ ಕೊನೆಯ ದಿನಾಂಕ ದಾಟಿದ್ದರೆ ಮುಂದಿನ ಬ್ಯಾಚಿಗೆ ಸೇರಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆ ಎನ್ನುತ್ತದೆ. ಆ ಗಂಟೆಗಳನ್ನೆಲ್ಲ ಪರದೆಯ ಮುಂದೆಯೇ ಕಳೆದರೆ ವಿಜ್ಞಾನ ಶಿಕ್ಷಕರಿಗೆ ನಷ್ಟ. ಟೈಟ್ರೇಶನ್ ಮಾಡುವ ಕೈ ವೀಡಿಯೊದಿಂದ ಪಳಗುವುದಿಲ್ಲ.

ಪ್ರಶ್ನೆ: ಪಾವಗಡ ಕಡೆಯ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಮುಖ್ಯಗುರುಗಳು ಇಕೋ ಕ್ಲಬ್ ಜವಾಬ್ದಾರಿ ಕೊಟ್ಟಿದ್ದಾರೆ. ಗಿಡ ನೆಟ್ಟು ಫೋಟೊ ತೆಗೆದು ಕಳಿಸುವುದಷ್ಟೇ ನಡೆಯುತ್ತಿದೆ. ಊರಿನ ನೀರಿನ ಬಗ್ಗೆ ಮಕ್ಕಳಿಂದ ಏನಾದರೂ ಮಾಡಿಸಬೇಕೆಂದಿದೆ. ನಾನು ಕಲಿಯುವುದು ಎಲ್ಲಿ?

ಉತ್ತರ: ನಿಮ್ಮ ಗುರು ಊರಿನಲ್ಲೇ ಇರಬಹುದು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರಿಗೆ, ಆದಷ್ಟೂ ಮಹಿಳೆಯರಿಗೇ, ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಕಿಟ್ ಯಾರ ಬಳಿ ಇದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಆ ಅಕ್ಕಂದಿರನ್ನೇ ಒಂದು ಶನಿವಾರ ಶಾಲೆಗೆ ಕರೆಯಿರಿ. ಮಕ್ಕಳ ಮುಂದೆ ನಿಲ್ಲುವ ಮೊದಲು ನೀವು ಅವರೊಂದಿಗೆ ಕನಿಷ್ಠ ಎರಡು ಬಾರಿ ಪರೀಕ್ಷೆ ಮಾಡಿ ನೋಡಿ.

ನಿಮ್ಮ ಭಾಗದಲ್ಲಿ ಕೇಳಬೇಕಾದ ಪ್ರಶ್ನೆ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣಾಂಶ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್‌ಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಟಿಡಿಎಸ್ ಮೀಟರ್ ಹಿಡಿದು 'ನಮ್ಮ ನೀರು 400, ಒಳ್ಳೆಯದು' ಎನ್ನುವುದು ದೊಡ್ಡ ತಪ್ಪು. ಆ ಮೀಟರ್ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಒಟ್ಟು ಲವಣದ ಅಂದಾಜು ಕೊಡುತ್ತದೆ, ಅದರೊಳಗೆ ಫ್ಲೋರೈಡ್ ಎಷ್ಟೆಂದು ಅದಕ್ಕೆ ಗೊತ್ತಾಗುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಮಾದರಿ ಸಂಗ್ರಹಿಸುವಾಗಲೇ ಅರ್ಧ ಪರೀಕ್ಷೆ ಕೆಡುತ್ತದೆ. ಕೊಳವೆಬಾವಿ ಪಂಪ್ ಐದಾರು ನಿಮಿಷ ಓಡಿದ ಮೇಲೆ ನೀರು ಹಿಡಿಯಿರಿ. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಇರಲಿ. ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಊರು, ಮೂಲ, ದಿನ, ಸಮಯ ಬರೆದ ಚೀಟಿ ಅಂಟಿಸಿ. ಕಿಟ್‌ನ ಹನಿ ಹಾಕಿದಾಗ ನೀರಿಗೆ ಬರುವ ಬಣ್ಣವನ್ನು ಕಿಟ್‌ನ ಬಣ್ಣದ ಪಟ್ಟಿಯೊಂದಿಗೆ ಹಗಲು ಬೆಳಕಿನಲ್ಲಿ ಹೋಲಿಸಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಕ್ಲೋರಿನ್ ಹಾಕಿದ ನೀರಿನಲ್ಲಿ ಬಣ್ಣ ಕೆಡುವುದರಿಂದ ಕ್ಲೋರಿನ್ ಸೇರುವ ಮುಂಚಿನ ಜಾಗದಿಂದಲೇ ಮಾದರಿ ತನ್ನಿ. ಪ್ರತಿ ಸರದಿಗೆ ಒಂದು ಡಿಸ್ಟಿಲ್ಡ್ ವಾಟರ್ ಮಾದರಿಯನ್ನೂ ಸೇರಿಸಿ. ಅದರಲ್ಲೂ ಫ್ಲೋರೈಡ್ ಕಂಡರೆ ರಾಸಾಯನಿಕ ಹಳೆಯದಾಗಿದೆ ಎಂದರ್ಥ. ಕಿಟ್‌ನ ಕಾರಕಗಳಲ್ಲಿ ಆಮ್ಲ ಇರುತ್ತದೆ, ಹಾಗಾಗಿ ಹನಿ ಹಾಕುವುದು ನಿಮ್ಮ ಕೈಯಲ್ಲಿರಲಿ, ಬಣ್ಣ ಓದಿ ಬರೆಯುವುದು ಮಕ್ಕಳದಾಗಲಿ.

ಬ್ಯಾಕ್ಟೀರಿಯಾ ಪರೀಕ್ಷೆಯ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿಯ ಕ್ರಮ ಬೇರೆ. ಅದನ್ನು ತೊಳೆಯಬಾರದು, ಒಳಗೆ ಬೆರಳು ತಾಗಿಸಬಾರದು. ಗುರುತಿನವರೆಗೆ ನೀರು ತುಂಬಿ 30ರಿಂದ 35 ಡಿಗ್ರಿ ಬೆಚ್ಚಗಿರುವ ಕಡೆ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲಿನ. ಕಪ್ಪಾದ ಬಾಟಲಿಯನ್ನು ಮಕ್ಕಳು ತೆರೆಯದಂತೆ ನೋಡಿಕೊಳ್ಳಿ, ಬ್ಲೀಚಿಂಗ್ ದ್ರಾವಣ ಹಾಕಿಯೇ ಚೆಲ್ಲಿ.

ಫ್ಲೋರೈಡ್ ಹೆಚ್ಚು ಕಂಡರೆ ಗೋಡೆಗೆ ಬರೆದು ಊರನ್ನು ಹೆದರಿಸಬೇಡಿ. ಅದೇ ಮೂಲದ ಇನ್ನೊಂದು ಮಾದರಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು, ವರದಿ ಬಂದಮೇಲೆ ಪಂಚಾಯಿತಿಗೆ ಮಕ್ಕಳು ಬರೆದ ಅಳತೆಗಳ ಪಟ್ಟಿಯ ಜೊತೆಗೆ ಸಲ್ಲಿಸಿ.

ಗಿಡ ನೆಡುವ ಕೆಲಸಕ್ಕೂ ಜೀವ ತುಂಬಬಹುದು. ಸೀಸನ್‌ವಾಚ್ ಯೋಜನೆಯಲ್ಲಿ ಒಂದು ಮರವನ್ನು ಆರಿಸಿ ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿ 'ಇಲ್ಲ, ಸ್ವಲ್ಪ, ಬಹಳ' ಎಂದು ದಾಖಲಿಸುತ್ತಾರೆ. ಹೊಂಗೆ, ಹುಣಸೆ, ಕಕ್ಕೆ ಒಳ್ಳೆಯ ಆಯ್ಕೆ. ತೊಡಕು ಬರುವುದು ಬೇಸಿಗೆ ರಜೆಯಲ್ಲಿ: ಕಕ್ಕೆ ಹೂ ಬಿಡುವ ಏಪ್ರಿಲ್–ಮೇನಲ್ಲೇ ಶಾಲೆ ಮುಚ್ಚಿರುತ್ತದೆ. ಮರದ ಹತ್ತಿರದ ಮನೆಯ ಇಬ್ಬರು ಮಕ್ಕಳಿಗೆ ಆ ಎರಡು ತಿಂಗಳು ವಹಿಸಿ.

ಪ್ರಶ್ನೆ: ಅನುದಾನರಹಿತ ಶಾಲೆಯಲ್ಲಿದ್ದೇನೆ. ಇಲಾಖೆಯ ತರಬೇತಿಗೆ ನಮ್ಮನ್ನು ಕರೆಯುವುದು ಅಪರೂಪ, ಓಓಡಿ (ಕರ್ತವ್ಯದ ಮೇಲೆ ಹೊರಹೋಗುವ) ಸೌಲಭ್ಯವೂ ಇಲ್ಲ.
(ಮಂಗಳೂರು)

ಉತ್ತರ: ನಿಮಗೆ ಹತ್ತಿರದ್ದು ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರ. ಬೆಂಗಳೂರಿಗೆ ಬರುವುದಾದರೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಜವಾಹರಲಾಲ್ ನೆಹರೂ ತಾರಾಲಯ ಇವೆ. ಈ ಕಡೆ ಸರ್ಕಾರಿ, ಖಾಸಗಿ ಎಂಬ ಗೆರೆ ಅಷ್ಟು ಗಟ್ಟಿಯಿಲ್ಲ. ಪರಿಸರ ವಿಷಯಕ್ಕೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಹಸಿರು ಶಾಲೆ ಕಾರ್ಯಕ್ರಮ ಎಲ್ಲ ಶಾಲೆಗಳಿಗೂ ತೆರೆದಿದೆ. ಗಾಳಿ, ಶಕ್ತಿ, ಆಹಾರ, ಭೂಮಿ, ನೀರು, ತ್ಯಾಜ್ಯ ಎಂಬ ಆರು ವಿಷಯಗಳಲ್ಲಿ ನಿಮ್ಮ ಶಾಲೆಯ ಲೆಕ್ಕವನ್ನು ಮಕ್ಕಳೇ ತೆಗೆಯುತ್ತಾರೆ. ಆರನ್ನೂ ಒಂದೇ ತಿಂಗಳಲ್ಲಿ ಹಿಡಿಯಬೇಡಿ. ತ್ಯಾಜ್ಯದಿಂದ ಶುರು ಮಾಡಿ: ತಕ್ಕಡಿ ಒಂದಿದ್ದರೆ ಸಾಕು, ಐದು ದಿನ ಹಸಿ ಕಸ, ಒಣ ಕಸ ಬೇರೆ ಬೇರೆ ತೂಗಿದರೆ ಮೊದಲ ಪಟ್ಟಿ ಸಿದ್ಧ.

ಪ್ರಶ್ನೆ: ನಾನು ಸಿಆರ್‌ಪಿ. ತಿಂಗಳ ಸಮಾಲೋಚನಾ ಸಭೆ ಸುತ್ತೋಲೆ ಓದುವುದರಲ್ಲೇ ಮುಗಿಯುತ್ತದೆ. ವಿಜ್ಞಾನ ಶಿಕ್ಷಕರಿಗೆ ಅದನ್ನು ಉಪಯುಕ್ತವಾಗಿಸುವುದು ಹೇಗೆ?
(ಶಿರಸಿ ತಾಲ್ಲೂಕು)

ಉತ್ತರ: ಸುತ್ತೋಲೆಗಳನ್ನು ಹಿಂದಿನ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ, ಸಭೆಯಲ್ಲಿ ಅದಕ್ಕೆ ಹದಿನೈದು ನಿಮಿಷ ಮಾತ್ರ ಕೊಡಿ. ಉಳಿದ ಸಮಯಕ್ಕೆ ಜಪಾನಿನ ಶಿಕ್ಷಕರಲ್ಲಿ ಬೇರೂರಿರುವ ಪಾಠ ಅಧ್ಯಯನ ಪದ್ಧತಿ ಹೊಂದುತ್ತದೆ. ನಾಲ್ಕೈದು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ನಿಜವಾದ ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಹಿಂದೆ ಕುಳಿತು ನೋಡುತ್ತಾರೆ. ನೋಡಬೇಕಾದದ್ದು ಮಕ್ಕಳನ್ನು. ತಲಾ ಇಬ್ಬರು ಮಕ್ಕಳನ್ನು ಹಂಚಿಕೊಂಡು ಅವರು ಏನು ಹೇಳಿದರು, ಎಲ್ಲಿ ತಡವರಿಸಿದರು ಎಂದು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಚರ್ಚೆ ಪಾಠ ಮಾಡಿದವರ ಟೀಕೆಯಾದರೆ ಮುಂದಿನ ತಿಂಗಳು ಯಾರೂ ಒಪ್ಪಿಕೊಳ್ಳುವುದಿಲ್ಲ. ಆದ್ದರಿಂದ ಮೊದಲ ಮಾತು ಪಾಠ ಮಾಡಿದವರಿಗೇ ಕೊಡಿ.

ಎಲೆಯ ಒಂದು ಭಾಗ ಮುಚ್ಚಿ ಬಿಸಿಲಿಗಿಡುವ ಪಿಷ್ಟ ಪರೀಕ್ಷೆಯಿಂದ ಆರಂಭಿಸಬಹುದು, ಅದು ಕೈಕೊಡುವ ಪ್ರಯೋಗವೆಂದು ಎಲ್ಲರಿಗೂ ಗೊತ್ತು. ಕುಂಡದ ಗಿಡವನ್ನು ಎರಡು–ಮೂರು ದಿನ ಕತ್ತಲೆಯಲ್ಲಿ ಇಡದಿದ್ದರೆ ಮುಚ್ಚಿದ ಭಾಗವೂ ನೀಲಿ-ಕಪ್ಪಾಗುತ್ತದೆ. ಎಲೆಯ ಹಸಿರು ತೆಗೆಯಲು ಬಳಸುವ ಸ್ಪಿರಿಟ್ಟನ್ನು ನೇರ ಉರಿಯ ಮೇಲೆ ಇಡಲೇಬಾರದು. ನೀರು ಕುದಿಸಿ, ಒಲೆ ಆರಿಸಿ, ಆ ಬಿಸಿನೀರಿನೊಳಗೆ ಸ್ಪಿರಿಟ್ ಲೋಟ ಇಡಿ. ಟಿಂಚರ್ ಅಯೋಡಿನ್ ಹಾಗೇ ಸುರಿದರೆ ಇಡೀ ಎಲೆ ಕಂದಾಗಿ ಏನೂ ತಿಳಿಯದು. ನೀರು ಬೆರೆಸಿ ತೆಳು ಚಹಾ ಬಣ್ಣಕ್ಕೆ ತನ್ನಿ. ಈರುಳ್ಳಿ ಎಲೆ ಆರಿಸಿದವರಿಗೆ ಪಿಷ್ಟ ಕಾಣುವುದಿಲ್ಲ, ಅದು ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುವುದಿಲ್ಲ. ದಾಸವಾಳ ಸಾಕು. ತಿದ್ದಿದ ಪಾಠವನ್ನು ಮುಂದಿನ ತಿಂಗಳು ಬೇರೆ ಶಾಲೆಯಲ್ಲಿ ಇನ್ನೊಬ್ಬರು ಮಾಡಲಿ. ಯೋಜನೆ, ಮಕ್ಕಳ ಮಾತಿನ ಟಿಪ್ಪಣಿ, ತಿದ್ದುಪಡಿ ಮೂರನ್ನೂ ಒಂದು ಫೈಲಿನಲ್ಲಿಟ್ಟು ಪ್ರತಿಯನ್ನು ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೂ (ಬಿಆರ್‌ಸಿ) ಡಯಟ್‌ಗೂ ಕಳಿಸಿ, 50 ಗಂಟೆಯ ಲೆಕ್ಕಕ್ಕೆ ಇದನ್ನೂ ಸೇರಿಸುವಂತೆ ಲಿಖಿತವಾಗಿಯೇ ಕೇಳಿ.