ಹತ್ತು ಚಕ್ರದ ಲಾರಿಯಿಂದ ಟ್ರೈಲರಿಗೆ ಬರುವ ಚಾಲಕ ಹೊಸದಾಗಿ ಕಲಿಯಬೇಕಾದದ್ದು ಏನು?

ನಾಲ್ಕು ವರ್ಷ ಹತ್ತು ಚಕ್ರದ ಲಾರಿ ಓಡಿಸಿರುವ ನೀವು, ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ಮಂಗಳೂರಿಗೆ 40 ಅಡಿಯ ಕಂಟೇನರ್ ಟ್ರೈಲರ್ ಓಡಿಸುವ ಕೆಲಸಕ್ಕೆ ಸೇರುವ ಮುನ್ನ ಏನನ್ನು ತಿಳಿದಿರಬೇಕೆಂದು ಕೇಳಿದ್ದೀರಿ. ಇದೇ ದಾರಿಯಲ್ಲಿ ಹದಿನೇಳು ವರ್ಷ ಓಡಾಡಿ, ಈಗ ಹೊಸಕೋಟೆಯ ಯಾರ್ಡೊಂದರಲ್ಲಿ ಹೊಸ ಚಾಲಕರ ಕೈಗೆ ಗಾಡಿ ಒಪ್ಪಿಸುವ ಕೆಲಸದಲ್ಲಿರುವ ನನ್ನ ಅನುಭವದಲ್ಲಿ, ಲಾರಿ ಚೆನ್ನಾಗಿ ಓಡಿಸಿದವರೇ ಟ್ರೈಲರಿನಲ್ಲಿ ಮೊದಲು ಎಡವುತ್ತಾರೆ. ಎಳೆಯುವ ಗಾಡಿ ಒಂದು, ಎಳೆಸಿಕೊಳ್ಳುವ ಗಾಡಿ ಇನ್ನೊಂದು ಎಂಬುದನ್ನು ಅವರ ಕೈಕಾಲು ಇನ್ನೂ ಒಪ್ಪಿರುವುದಿಲ್ಲ.

ಎರಡನ್ನೂ ಹಿಡಿದಿಡುವುದು ಟ್ರೈಲರಿನ ಮುಂಭಾಗದ ಅಡಿಯಲ್ಲಿರುವ ಎರಡು ಇಂಚು ದಪ್ಪದ ಗೂಟ, ಅಂದರೆ ಕಿಂಗ್ ಪಿನ್. ಜೋಡಿಸಿದ ಮೇಲೆ ಟ್ರೈಲರಿನ ಬ್ರೇಕು ಹಾಕಿಟ್ಟು ಮೊದಲ ಗೇರಿನಲ್ಲಿ ಮೆಲ್ಲಗೆ ಎಳೆದು ನೋಡುವುದನ್ನು ಎಲ್ಲರೂ ಕಲಿಸುತ್ತಾರೆ. ಆದರೆ ಅಷ್ಟು ಸಾಲದು. ನನ್ನ ಮೂರನೆಯ ವರ್ಷದಲ್ಲಿ ಒಂದು ರಾತ್ರಿ ಎಳೆದು ನೋಡಿದೆ, ಟ್ರೈಲರ್ ಬಿಗಿಯಾಗಿ ನಿಂತಿತು, ಇಳಿದು ನೋಡಲಿಲ್ಲ. ಟ್ರೈಲರಿನ ಕಾಲುಗಳನ್ನು ಒಂದಿಷ್ಟು ಹೆಚ್ಚು ಎತ್ತರಿಸಿದ್ದರಿಂದ ಪಿನ್ನು, ಎಳೆಯುವ ಗಾಡಿಯ ಬೆನ್ನ ಮೇಲಿರುವ ಫಿಫ್ತ್ ವೀಲ್ ಎಂಬ ತಟ್ಟೆಯ ದವಡೆಯೊಳಗೆ ಪೂರ್ತಿ ಇಳಿಯದೆ, ಅದರ ಮೇಲಂಚಿಗೆ ಸಿಕ್ಕಿಕೊಂಡಿತ್ತಷ್ಟೆ. ಗೇಟಿನ ಬಳಿಯ ಹಂಪು ಹತ್ತುವಾಗ ಅದು ಕಳಚಿ, ಲೋಡು ತುಂಬಿದ ಟ್ರೈಲರಿನ ಮೂತಿ ನೆಲಕ್ಕೆ ಬಡಿಯಿತು. ಏರ್ ಪೈಪು ಹರಿದರೆ ಟ್ರೈಲರಿನ ಬ್ರೇಕು ತಾನಾಗಿಯೇ ಹಿಡಿಯುವ ವ್ಯವಸ್ಥೆ ಇದ್ದುದರಿಂದ ಅದು ಅಲ್ಲಿಯೇ ನಿಂತಿತು. ಹೆದ್ದಾರಿಯಲ್ಲಾಗಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯೋಚಿಸಲಾರೆ. ಆದ್ದರಿಂದ ಟಾರ್ಚ್ ಹಿಡಿದು ಅಡಿಗೆ ಬಗ್ಗಿ ಮೂರನ್ನು ಕಣ್ಣಾರೆ ನೋಡಿ: ಟ್ರೈಲರಿನ ಅಡಿತಟ್ಟೆಗೂ ಫಿಫ್ತ್ ವೀಲಿಗೂ ನಡುವೆ ಬೆಳಕು ತೂರಬಾರದು, ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತಿ ಮುಚ್ಚಿರಬೇಕು, ದವಡೆ ಬಿಡಿಸುವ ಹಿಡಿಕೆ ಒಳಗೆ ಸರಿದಿರಬೇಕು. ಬಟ್ಟೆ ಕೊಳೆಯಾಗುತ್ತದೆ, ಆಗಲಿ. ಹಾಗೆಯೇ ಕಂಟೇನರನ್ನು ಟ್ರೈಲರಿಗೆ ಬಿಗಿದಿಡುವ ನಾಲ್ಕು ಮೂಲೆಯ ಟ್ವಿಸ್ಟ್ ಲಾಕುಗಳನ್ನೂ ಕೈಯಿಂದ ಮುಟ್ಟಿ ನೋಡಿ.

ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳ ದಾರಿ ಹಿಡಿಯುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತವೆ. ವೈಟ್‌ಫೀಲ್ಡ್ ಬಳಿಯ ಹೂಡಿಯಂಥ ಕಡೆ ಎಡಕ್ಕೆ ತಿರುಗಲು ನೀವು ಗಾಡಿಯನ್ನು ಬಲಕ್ಕೆ ಅಗಲವಾಗಿ ಒಯ್ದ ಕೂಡಲೇ, ಎಡಗಡೆ ತೆರವಾದ ಜಾಗಕ್ಕೆ ಸ್ಕೂಟರಿನವರು ನುಗ್ಗುತ್ತಾರೆ. ಟ್ರೈಲರ್ ಒಳಕ್ಕೆ ಸರಿಯುವುದು ಆ ಜಾಗಕ್ಕೇ. ಮುಂಭಾಗ ಓರೆಯಾದ ಮೇಲೆ ಎಡಗನ್ನಡಿಯಲ್ಲಿ ಕಂಟೇನರಿನ ಗೋಡೆ ಬಿಟ್ಟು ಬೇರೇನೂ ಕಾಣದ ಕಾರಣ, ಕ್ಲೀನರ್ ಇದ್ದರೆ ಇಳಿಸಿ, ಇಲ್ಲದಿದ್ದರೆ ಹಿಂದಿನವರು ಎಷ್ಟು ಹಾರನ್ ಹೊಡೆದರೂ ನಡಿಗೆಯ ವೇಗದಲ್ಲೇ ತಿರುಗಿಸಿ. ಮೇಲ್ಸೇತುವೆಯ ಸುತ್ತುದಾರಿಗಳಲ್ಲಿ ವೇಗ 30ರಿಂದ 42ಕ್ಕೆ ಏರಿದರೆ ಗಾಡಿಯನ್ನು ಹೊರಕ್ಕೆ ಉರುಳಿಸುವ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದೂ ನೆನಪಿರಲಿ.

2024ರ ಡಿಸೆಂಬರಿನಲ್ಲಿ ನೆಲಮಂಗಲದ ಬಳಿ ಕಂಟೇನರ್ ಗಾಡಿಯೊಂದು ಡಿವೈಡರ್ ದಾಟಿ ಕಾರಿನ ಮೇಲೆ ಮಗುಚಿ, ಒಂದೇ ಕುಟುಂಬದ 6 ಮಂದಿ ತೀರಿಕೊಂಡದ್ದನ್ನು ನೀವು ಓದಿರಬಹುದು. ತಪ್ಪು ಯಾರದೆಂದು ಹೇಳುವವನು ನಾನಲ್ಲ. ಆದರೆ ಹಠಾತ್ತನೆ ಸ್ಟಿಯರಿಂಗ್ ಎಳೆದರೆ ಎತ್ತರದ ಲೋಡು ನಿಲ್ಲುವುದಿಲ್ಲವಾದ್ದರಿಂದ, ಎಳೆಯುವ ಅಗತ್ಯವೇ ಬಾರದಷ್ಟು ಅಂತರವನ್ನು ಮುಂದೆ ಉಳಿಸಿಕೊಳ್ಳಬೇಕು. ಆ ಜಾಗಕ್ಕೆ ಕಾರಿನವರು ನುಗ್ಗಿದರೆ ಮತ್ತೆ ಹಿಂದೆ ಸರಿಯಬೇಕು. ಖಾಲಿ ಟ್ರೈಲರ್ ಹಗುರವೆಂದು ಮೈಮರೆಯಬೇಡಿ. ಒದ್ದೆ ರಸ್ತೆಯಲ್ಲಿ ಅದರ ಚಕ್ರಗಳೇ ಬೇಗ ಲಾಕಾಗುವುದು. ಅಂಥ ಹೊತ್ತಿನಲ್ಲಿ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕನ್ನೂ ಹಾಕಬೇಡಿ. ಎಳೆಯುವ ಗಾಡಿಯ ಹಿಂದಿನ ಚಕ್ರ ಜಾರಿದರೆ ಇಡೀ ಗಾಡಿ ಚಾಕುವಿನಂತೆ ಮಡಚಿಕೊಳ್ಳುತ್ತದೆ.

ಇನ್ನು ಶಿರಾಡಿ ಘಾಟಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ನೀವು ಅಲ್ಲಿ ಕಾಣುತ್ತೀರಿ. ಇಡೀ ಭಾರವನ್ನು ಬ್ರೇಕೊಂದರ ಮೇಲೆ ಹೊರಿಸುವ ಆ ಉಳಿತಾಯ ನಿಮಗೆ ಬೇಡ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರು ಹಾಕಿ, ಏಕೆಂದರೆ ಗಾಡಿ ಓಡತೊಡಗಿದ ಮೇಲೆ ಆ ಗೇರು ಬೀಳುವುದೇ ಇಲ್ಲ. ಮಿಕ್ಕದ್ದನ್ನು ಎಂಜಿನ್ನೂ ಎಕ್ಸಾಸ್ಟ್ ಬ್ರೇಕೂ ಹಿಡಿದುಕೊಳ್ಳಲಿ. ಪೆಡಲನ್ನು ಒತ್ತಿ ಹಿಡಿದುಕೊಂಡೇ ಇಳಿದರೆ ಚಕ್ರದ ಬ್ರೇಕ್ ಡ್ರಮ್ಮು ಕಾದು ಹಿಗ್ಗಿ, ಅದನ್ನು ಒಳಗಿಂದ ಒತ್ತಿ ಹಿಡಿಯುವ ಶೂಗಳಿಂದ ದೂರ ಸರಿಯುತ್ತದೆ, ಏರ್ ತುಂಬಿದ್ದರೂ ಬ್ರೇಕು ಹಿಡಿಯುವುದಿಲ್ಲ. ಒಮ್ಮೆ ಗಟ್ಟಿಯಾಗಿ ಒತ್ತಿ ಏಳೆಂಟು ಕಿಲೋಮೀಟರಿನಷ್ಟು ವೇಗ ಇಳಿಸಿ, ಪೂರ್ತಿ ಬಿಟ್ಟು, ಬೇಕಾದಾಗ ಮತ್ತೆ ಒತ್ತಿ. ಕಣ್ಣು ಏರ್ ಮೀಟರಿನ ಮೇಲೂ ಇರಲಿ. ಸುಟ್ಟ ವಾಸನೆ ಬಂದರೆ ಮೊದಲು ಸಿಕ್ಕ ಸಮತಟ್ಟಿನಲ್ಲಿ ನಿಲ್ಲಿಸಿ, ತಾನಾಗಿ ಆರುವವರೆಗೆ ಕಾಯಿರಿ. ನೀರು ಸುರಿಯಬೇಡಿ, ಕಾದ ಡ್ರಮ್ಮು ಸೀಳುತ್ತದೆ.

2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಗೊತ್ತುಮಾಡಿದ್ದ ಮಿತಿ ದಿನಕ್ಕೆ 8 ಗಂಟೆ, ಒಂದೇ ಸಮನೆ 5 ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ಇಂಥ ಮಿತಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವ ಮಾಲೀಕರು ಕಡಿಮೆ ಎಂಬುದು ನಿಮಗೂ ಗೊತ್ತು. ಹಾಗಿದ್ದರೂ ಸಕಲೇಶಪುರ ಮುಟ್ಟುವಾಗ ಬೆಳಗಿನ ಜಾವ ಮೂರಾಗಿ ಕಣ್ಣು ಎಳೆಯುತ್ತಿದ್ದರೆ, ಟೀ ಕುಡಿದು ಘಾಟಿಗೆ ಇಳಿಯುವ ಬದಲು ಎರಡು ಗಂಟೆ ಮಲಗಿ. ಹೆದ್ದಾರಿಯ ಅಂಚಿನಲ್ಲಿ ಮಾತ್ರ ಬೇಡ. ಕತ್ತಲಲ್ಲಿ ನಿಂತ ಟ್ರೈಲರಿನ ಹಿಂಭಾಗ ಬೈಕಿನವನಿಗೆ ತೀರಾ ಹತ್ತಿರ ಬಂದ ಮೇಲೆಯೇ ಕಾಣುವುದು. ಡಾಬಾದ ಅಂಗಳದೊಳಕ್ಕೆ ಪೂರ್ತಿ ಎಳೆದುಕೊಳ್ಳಿ, ಹೊರಡುವಾಗ ಹಿಂದಿನ ಲೈಟುಗಳ ಮೇಲಿನ ಧೂಳನ್ನೂ ರಿಫ್ಲೆಕ್ಟರ್ ಪಟ್ಟಿಯನ್ನೂ ಒಮ್ಮೆ ಒರೆಸಿ.