ಕತಾರಿನ ಅನಿಲ ಇಪ್ಪತ್ತೈದು ವರ್ಷ ಕಾದದ್ದೇಕೆ?

ಪ್ರಶ್ನೆ: ನನ್ನ ಮಗ ದೋಹಾದಲ್ಲಿ ನೌಕರಿಯಲ್ಲಿದ್ದಾನೆ. ಕತಾರಿನ ಸಮುದ್ರದಡಿಯ ಅನಿಲ ನಿಕ್ಷೇಪ 1971ರಲ್ಲೇ ಪತ್ತೆಯಾದರೂ ಅದನ್ನು ಹಡಗಿನಲ್ಲಿ ರಫ್ತು ಮಾಡತೊಡಗಿದ್ದು 1996ರ ಕೊನೆಯಲ್ಲಿ ಎಂದು ಅವನು ಹೇಳುತ್ತಾನೆ. ಇಷ್ಟು ತಡವಾದದ್ದೇಕೆ? ಅದಕ್ಕೂ ಮೊದಲು ಅಲ್ಲಿ ತೈಲ ಇರಲಿಲ್ಲವೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ತೈಲವಿತ್ತು, ಮತ್ತು ಅನಿಲಕ್ಕೆ ಅವಸರವಿಲ್ಲದಂತಾಗಲು ಅದೂ ಒಂದು ಕಾರಣ. ಜಪಾನಿನ ಕೃಷಿ ಮುತ್ತುಗಳು ಮಾರುಕಟ್ಟೆಗೆ ಬಂದು, 1929ರ ಆರ್ಥಿಕ ಕುಸಿತವೂ ಸೇರಿ, ಕತಾರಿನ ಜೀವನಾಧಾರವಾಗಿದ್ದ ಮುತ್ತಿನ ವ್ಯಾಪಾರ ನೆಲಕಚ್ಚಿದ್ದ ಕಾಲದಲ್ಲಿ, ಅಂದರೆ 1935ರಲ್ಲಿ, ಅಲ್ಲಿನ ದೊರೆ ಶೇಖ್ ಅಬ್ದುಲ್ಲಾ ಬಿನ್ ಜಾಸಿಂ ಅಲ್ ಥಾನಿ ಬ್ರಿಟಿಷ್ ತೈಲ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡರು. 1938ರಲ್ಲಿ ದುಖಾನಿನಲ್ಲಿ ಕೊರೆಯಲು ತೊಡಗಿ ತೈಲವನ್ನು ಕಂಡರೂ, ಎರಡನೆಯ ಮಹಾಯುದ್ಧದಿಂದಾಗಿ ಬಾವಿಗಳನ್ನು ಮುಚ್ಚಬೇಕಾಯಿತು. ಮೊದಲ ತೈಲ ಹಡಗು ಹೊರಟದ್ದು 1949ರ ಕೊನೆಯ ದಿನ. ನಡುವಿನ ಆ ಹತ್ತು ವರ್ಷಗಳಲ್ಲಿ ಮುತ್ತೂ ಇಲ್ಲದೆ, ತೈಲವೂ ಇಲ್ಲದೆ ಎಷ್ಟೋ ಕುಟುಂಬಗಳು ನಾಡು ಬಿಟ್ಟವು. ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವ ಭಾಗ ಇದೇ.

1971ರಲ್ಲಿ, ಕತಾರ್ ಸ್ವತಂತ್ರವಾದ ವರ್ಷವೇ, ಶೆಲ್ ಕಂಪನಿ ಸಮುದ್ರದಲ್ಲಿ ಕಂಡುಕೊಂಡ ನಾರ್ತ್ ಫೀಲ್ಡ್ ಅನಿಲ ನಿಕ್ಷೇಪ ಮಾತ್ರ ತೈಲದಷ್ಟು ಸುಲಭದ ಸರಕಾಗಿರಲಿಲ್ಲ. ಕಚ್ಚಾ ತೈಲವನ್ನು ಹಡಗಿಗೆ ತುಂಬಿ ಯಾವ ಬಂದರಿಗೆ ಬೇಕಾದರೂ ಕಳಿಸಬಹುದು. ಅನಿಲಕ್ಕಾದರೋ ಕೊಳವೆಮಾರ್ಗ ಬೇಕು, ಇಲ್ಲವೇ ಅದನ್ನು ದ್ರವವಾಗಿಸಬೇಕು. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವ ಎಲ್‌ಪಿಜಿ ಬರೀ ಒತ್ತಡಕ್ಕೇ ದ್ರವವಾಗುತ್ತದೆ, ಏಕೆಂದರೆ ಅದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಸಾಮಾನ್ಯ ಉಷ್ಣಾಂಶದಲ್ಲಿ ಅದನ್ನು ಎಷ್ಟು ಒತ್ತಿದರೂ ದ್ರವವಾಗದು. ಸೊನ್ನೆಗಿಂತ ಸುಮಾರು 162 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದಾಗ ಅದು ದ್ರವವಾಗಿ, ಗಾತ್ರವೂ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೆ ತಣಿಸುವ ಸ್ಥಾವರ, ಶೀತ ಕಾಯುವ ಹಡಗು, ಕೊಳ್ಳುವವರ ದಡದಲ್ಲಿ ಮತ್ತೆ ಅನಿಲವಾಗಿಸುವ ವ್ಯವಸ್ಥೆ, ಇವೆಲ್ಲ ಒಟ್ಟಿಗೇ ಸಿದ್ಧವಾಗಬೇಕು. ಇಪ್ಪತ್ತು ಇಪ್ಪತ್ತೈದು ವರ್ಷ ಕೊಳ್ಳುತ್ತೇವೆಂದು ಮೊದಲೇ ಬರೆದುಕೊಡುವವರು ಸಿಗದೆ ಅಂಥ ಕೆಲಸಕ್ಕೆ ಸಾಲ ಹುಟ್ಟುವುದಿಲ್ಲ.

ಅಂಥ ಗಿರಾಕಿಯ ಹುಡುಕಾಟವೇ ಬಹಳ ಕಾಲ ಹಿಡಿಯಿತು. 1984ರಲ್ಲಿ ಈ ಅನಿಲವನ್ನು ದ್ರವವಾಗಿಸಿ ಮಾರಲೆಂದು ಕತಾರ್‌ಗ್ಯಾಸ್ ಕಂಪನಿ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ ತೈಲದ ಬೆಲೆ ಕುಸಿದು ಯೋಜನೆ ಕುಂಟಿತು. 1991ರಲ್ಲಿ ಹೊರತೆಗೆಯತೊಡಗಿದ ಅನಿಲ ದೇಶದೊಳಗಿನ ಬಳಕೆಗಷ್ಟೇ ಹೋಯಿತು. 1992ರಲ್ಲಿ ಪಾಲುದಾರ ಬಿಪಿ ಕಂಪನಿ ಹಿಂದೆ ಸರಿದಾಗ ಮೊಬಿಲ್ ಆ ಜಾಗಕ್ಕೆ ಬಂದಿತು. ಜಪಾನಿನ ಚುಬು ಎಲೆಕ್ಟ್ರಿಕ್ ಅದೇ ವರ್ಷ ವರ್ಷಕ್ಕೆ 40 ಲಕ್ಷ ಟನ್ ಕೊಳ್ಳಲು ಒಪ್ಪಿದ್ದೇ ನಿರ್ಣಾಯಕವಾಯಿತೆಂಬುದು ನನ್ನ ಅಭಿಪ್ರಾಯ. ರಾಸ್ ಲಫಾನ್‌ನಲ್ಲಿ ಬಂದರು ಎದ್ದಿತು, 1996ರ ಡಿಸೆಂಬರಿನಲ್ಲಿ ಹೊರಟ ಮೊದಲ ಹಡಗು 1997ರ ಜನವರಿಯಲ್ಲಿ ಜಪಾನ್ ತಲುಪಿತು. ಒಂದು ಕಾಲಕ್ಕೆ ಕತಾರಿನ ಮುತ್ತಿನ ಬದುಕನ್ನು ಮುರಿದ ದೇಶವೇ ಅದರ ಅನಿಲಕ್ಕೆ ಮೊದಲ ಗಿರಾಕಿಯಾಯಿತು.

ಮುಂದಿನದು ಬೇಗ ಬೇಗ ನಡೆಯಿತು: 2010ರ ಹೊತ್ತಿಗೆ ಸ್ಥಾವರಗಳ ಸಾಮರ್ಥ್ಯ ವರ್ಷಕ್ಕೆ 7.7 ಕೋಟಿ ಟನ್ನಿಗೆ ಏರಿತು. ಆದರೆ ಅದೇ ನಿಕ್ಷೇಪವು ಇರಾನಿನ ಕಡಲಿಗೂ ಚಾಚಿಕೊಂಡಿದೆ ಎಂಬುದನ್ನು ನೆನೆದರೆ, ಭೂಗರ್ಭದ ಸ್ಥಿತಿಯನ್ನು ಅರಿಯಲೆಂದು ಕತಾರ್ 2005ರಿಂದ 2017ರವರೆಗೆ ಹೊಸ ಯೋಜನೆಗಳನ್ನು ತಡೆಹಿಡಿದದ್ದು ಧೈರ್ಯದ ನಿರ್ಧಾರವೇ ಸರಿ. ಭಾರತದ ಅನಿಲ ಆಮದು ಕಂಪನಿ ಪೆಟ್ರೋನೆಟ್ ಕತಾರಿನೊಂದಿಗೆ 1999ರಲ್ಲಿ ಮಾಡಿಕೊಂಡ ಒಪ್ಪಂದದ ಮೊದಲ ಹಡಗು ಗುಜರಾತಿನ ದಹೇಜ್‌ಗೆ ಬಂದದ್ದು 2004ರ ಜನವರಿಯಲ್ಲಿ. ವರ್ಷಕ್ಕೆ 75 ಲಕ್ಷ ಟನ್ನಿನ ಆ ಖರೀದಿಯನ್ನು 2028ರ ನಂತರವೂ ಇಪ್ಪತ್ತು ವರ್ಷ ಮುಂದುವರಿಸಲು 2024ರ ಫೆಬ್ರವರಿಯಲ್ಲಿ ಸಹಿ ಬಿದ್ದಿದೆ.